ಬಂದೇ ಬರ್ತಾರೆ

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತಿದ್ದೇನೆ, ಅಷ್ಟೇ ಸಲ ಎದ್ದುಹೋಗಿದ್ದೇನೆ. ಕನ್ನಡಕದ ನಂಬರು ಬದಲಾಗಿದೆ, ಸಂಜೆಯ ಬೆಳಕು ಸಾಲದು, ಬೆರಳು ನೋಯುತ್ತದೆ ಎಂದು ನೆಪ ಹೇಳಿಕೊಂಡು ವರ್ಷಗಳನ್ನೇ ದೂಡಿದೆ. ಹೋದ ತಿಂಗಳು ಯಾವುದೋ ಕೆಲಸಕ್ಕೆಂದು ಇಲ್ಲೇ ಮೈಸೂರಿನ ಮಂಡಿ ಮೊಹಲ್ಲಾಕ್ಕೆ ಹೋಗಿದ್ದೆ. ಒಂದು ಫ್ಲೋರ್‌ಮಿಲ್ಲಿನ ಮುಂದೆ ದಾಟುವಾಗ ತಡೆಯಲಾಗದಂತೆ ಸೀನು ಬಂತು. ಒಂದಲ್ಲ, ಸಾಲುಸಾಲಾಗಿ. ಒಳಗೆ ಯಾರೋ ಸೀಗೆಕಾಯಿ ಬೀಸಿಸುತ್ತಿದ್ದರು. ಒಗರು, ಹುಳಿ, ಒಣಗಿದ ಮಣ್ಣಿನ ಹಾಗಿರುವ ಆ ಘಾಟು ಮೂಗಿನ ಬುಡಕ್ಕೆ ಹತ್ತಿ ಕಣ್ಣಲ್ಲಿ ನೀರು ತರಿಸಿತು. ಗಿರಣಿಯ ಹುಡುಗಿ, "ಸ್ವಲ್ಪ ದೂರ ನಿಂತ್ಕೊಳ್ಳಿ ತಾತ, ವಯಸ್ಸಾದವ್ರಿಗೆ ಇದು ಆಗಲ್ಲ" ಅಂದಳು. ನಾನು ದೂರ ಹೋಗಲಿಲ್ಲ. ಕಣ್ಣು ಒರೆಸಿಕೊಳ್ಳುತ್ತ ಅಲ್ಲೇ ನಿಂತೆ. ನೋಡಿದವರು ಘಾಟಿಗೆ ಬಂದ ನೀರು ಎಂದುಕೊಂಡಿರಬೇಕು.

ನಮ್ಮ ಮನೆ ಆ ಗಿರಣಿಯಿಂದ ಎರಡು ಬೀದಿ ಆಚೆಗಿತ್ತು. ತೊಟ್ಟಿ ಮನೆ. ಮುಂದೆ ಅಂಗಡಿ, ಹಿಂದೆ ವಾಸ, ಮಧ್ಯದ ತೊಟ್ಟಿಯಲ್ಲಿ ಬೇಸಿಗೆಯ ಉದ್ದಕ್ಕೂ ಸೀಗೆಕಾಯಿ, ಅಂಟುವಾಳ, ಮೆಂತ್ಯ, ನಿಂಬೆಸಿಪ್ಪೆ, ದಾಸವಾಳದ ಎಲೆ ಚಾಪೆಗಳ ಮೇಲೆ ಒಣಗುತ್ತಿದ್ದವು. ನಮ್ಮ ಅಪ್ಪ ಶುರು ಮಾಡಿದ ವ್ಯಾಪಾರ ಅದು, ಹಂಡೆ ಮಾರ್ಕ್ ಸೀಗೆಪುಡಿ. ಮನೆಗೆ ಬಂದ ನೆಂಟರು ಹೊಸ್ತಿಲು ದಾಟಿದ ಕೂಡಲೇ ಸೀನುತ್ತಿದ್ದರು, ನಾವು ಮನೆಯವರು ಮಾತ್ರ ಏನೂ ಆಗದವರ ಹಾಗೆ ಓಡಾಡಿಕೊಂಡಿರುತ್ತಿದ್ದೆವು. ಬಚ್ಚಲಲ್ಲಿ ಒಂದು ದೊಡ್ಡ ತಾಮ್ರದ ಹಂಡೆ. ಶನಿವಾರ ಬೆಳಿಗ್ಗೆ ಅದರ ಕೆಳಗೆ ತೆಂಗಿನ ಮಟ್ಟೆ ಉರಿಯುತ್ತಿತ್ತು. ಅಕ್ಕ ನನ್ನನ್ನೂ ಅಣ್ಣನನ್ನೂ ಮಣೆಯ ಮೇಲೆ ಕೂರಿಸಿ, ಎಣ್ಣೆ ಹಚ್ಚಿದ ತಲೆಗೆ ಸೀಗೆಪುಡಿ ಹಾಕಿ ಉಜ್ಜುತ್ತಿದ್ದಳು. ಕಣ್ಣುರಿ ಎಂದು ನಾನು ಕಿರುಚಿದರೆ ತನ್ನ ಸೆರಗಿನ ಅಂಚನ್ನು ಬಾಯಲ್ಲಿ ಊದಿ ಬೆಚ್ಚಗೆ ಮಾಡಿ ನನ್ನ ಕಣ್ಣಿಗೆ ಒತ್ತುತ್ತಿದ್ದಳು. ಅಮ್ಮನಿಗೆ ಯಾವಾಗಲೂ ಉಬ್ಬಸ. ಹಾಗಾಗಿ ನಮಗೆ ತಲೆ ಬಾಚಿದವಳು, ಅನ್ನ ಕಲಸಿಕೊಟ್ಟವಳು, ಸ್ಕೂಲಿನ ಗೇಟಿನವರೆಗೆ ಬಿಟ್ಟುಬಂದವಳು ಅಕ್ಕನೇ. ಅವಳು ನನಗಿಂತ ಬಹಳ ದೊಡ್ಡವಳೇನಲ್ಲ. ಈಗ ಲೆಕ್ಕ ಹಾಕಿದರೆ ಅವಳೂ ಆಗ ಹುಡುಗಿಯೇ.

ಅಕ್ಕನ ಮದುವೆ ಆದದ್ದು ಲಾರಿಯಲ್ಲಿ ಬೆಲ್ಲದ ಲೋಡು ಹೊರ ಊರುಗಳಿಗೆ ಸಾಗಿಸುವವರ ಜೊತೆ. ನಜರ್‌ಬಾದಿನಲ್ಲಿ ಸಣ್ಣದೊಂದು ಬಾಡಿಗೆ ಮನೆ ಮಾಡಿದ್ದರು. ಭಾವ ನಗುಮುಖದ ಮನುಷ್ಯ, ಕೈಗಡಿಯಾರದ ಶೋಕಿ, ಶಿಳ್ಳೆ ಹಾಕುತ್ತ ಶೇವ್ ಮಾಡಿಕೊಳ್ಳುತ್ತಿದ್ದರು. ನಮ್ಮಲ್ಲಿ ಮನೆಯಿಂದ ಹೊರಡುವವರು ಹೋಗ್ತೀನಿ ಅನ್ನಬಾರದು, ಬರ್ತೀನಿ ಅನ್ನಬೇಕು. ಓದುವ ನಿಮ್ಮ ಮನೆಯಲ್ಲೂ ಹಾಗೇ ಇದ್ದೀತು. ಭಾವ ಅದನ್ನು ಒಂದು ಆಟ ಮಾಡಿಕೊಂಡಿದ್ದರು. ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತು, "ಬರ್ತೀನಾ?" ಎಂದು ಅಕ್ಕನನ್ನೇ ಕೇಳುವುದು. ಅಕ್ಕ ಒಳಗಿಂದಲೇ, "ಬಂದೇ ಬರ್ತೀರಿ" ಅನ್ನುವುದು. ಆಮೇಲೇ ಅವರು ಮೆಟ್ಟಿಲಿಳಿಯುವುದು. ರಜೆಯಲ್ಲಿ ಅವರ ಮನೆಯಲ್ಲಿದ್ದಾಗ ಎಷ್ಟೋ ಸಲ ಇದನ್ನು ಕೇಳಿ ನಾನು ನಕ್ಕಿದ್ದೇನೆ.

ಒಮ್ಮೆ ಸೊಲ್ಲಾಪುರದ ಕಡೆ ಲೋಡು ತೆಗೆದುಕೊಂಡು ಹೋದವರು ಬರಲಿಲ್ಲ. ಲಾರಿ ಬಂತು, ಕ್ಲೀನರ್ ಬಂದ, ಅವರು ಬರಲಿಲ್ಲ. ಅಲ್ಲೇ ಇನ್ನೊಂದು ಸಂಸಾರ ಇದೆ ಎಂದರು ಕೆಲವರು. ಏನೋ ಅನಾಹುತ ಆಗಿರಬೇಕು ಎಂದರು ಇನ್ನು ಕೆಲವರು. ಅಣ್ಣ ಎರಡು ಸಲ ಹೋಗಿ ಹುಡುಕಿ ಬರಿಗೈಲಿ ಬಂದ. ಅಕ್ಕ ಒಂದು ಟ್ರಂಕು ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಟ್ರಂಕಿನಲ್ಲಿ ಅವಳದಕ್ಕಿಂತ ಭಾವನ ಬಟ್ಟೆಗಳೇ ಹೆಚ್ಚಿದ್ದವು. ತಾಳಿ, ಕುಂಕುಮ, ಬಳೆ ಯಾವುದನ್ನೂ ಅವಳು ಬಿಡಲಿಲ್ಲ. ಬೀದಿಯ ಹೆಂಗಸರು ಕೆಣಕಲೆಂದೋ ಕನಿಕರದಿಂದಲೋ ಭಾವನ ಮಾತೆತ್ತಿದರೆ, "ಬಂದೇ ಬರ್ತಾರೆ ಬುಡಿ" ಅನ್ನುತ್ತಿದ್ದಳು. ಅದರಲ್ಲಿ ಅಳು ಇರುತ್ತಿರಲಿಲ್ಲ. ಮಳೆಗಾಲ ಆದ ಮೇಲೆ ಚಳಿಗಾಲ ಬರುತ್ತದೆ ಅನ್ನುವಷ್ಟು ಸಲೀಸು. ವರ್ಷಗಳಾದ ಮೇಲೆ ಬೀದಿಯವರು ಅದಕ್ಕೇ ಒಗ್ಗಿಹೋದರು.

ತೊಂಬತ್ತರ ದಶಕದ ಮಧ್ಯಕ್ಕೆ ನಮ್ಮ ವ್ಯಾಪಾರ ಕೆಟ್ಟಿತು. ಕಿರಾಣಿ ಅಂಗಡಿಗಳ ಮುಂದೆ ಶಾಂಪೂ ಸ್ಯಾಷೆಗಳು ಬಣ್ಣಬಣ್ಣದ ತೋರಣದ ಹಾಗೆ ತೂಗಾಡತೊಡಗಿದವು. ಟೀವಿ ಹಾಕಿದರೆ ಜಲಪಾತದಂತೆ ಕೂದಲು ಹಾರಿಸುವ ಹುಡುಗಿಯರು. ಅಣ್ಣನ ಮಕ್ಕಳು ಮಗ್ಗಿ ಕಲಿಯುವ ಮೊದಲೇ ಜಾಹೀರಾತಿನ ಹಾಡುಗಳನ್ನೆಲ್ಲ ಕಲಿತಿದ್ದವು. ಸೋಪಿನದು, ಚಾಕೊಲೇಟಿನದು, ಸ್ಕೂಟರಿನದು, ಒಂದೊಂದಕ್ಕೂ ಒಂದೊಂದು ಕುಣಿತ. ಸಿನಿಮಾ ಬಿಟ್ಟು ಜಾಹೀರಾತು ಬಂದಾಗಲೇ ಮನೆಮಂದಿಯೆಲ್ಲ ಬಂದು ಕೂರುತ್ತಿದ್ದರು. ಅಕ್ಕನಿಗೂ ಇಷ್ಟವೇ. ತಲೆಹೊಟ್ಟಿನ ಜಾಹೀರಾತು ಬಂದರೆ, "ಇವಳ ತಲೆ ನನ್ ಕೈಗೆ ಒಂದ್ ಶನಿವಾರ ಕೊಡ್ಲಿ ನೋಡೋಣ" ಅನ್ನುತ್ತಿದ್ದಳು.

ಅಪ್ಪ ಹೋದ ಮೇಲೆ ಅಂಗಡಿ ನೋಡಿಕೊಳ್ಳುತ್ತಿದ್ದವನು ಅಣ್ಣ, ಅಕ್ಷರದ ಕೆಲಸವೆಲ್ಲ ನನ್ನದು. ನಾನು ಓದಿದ್ದು ಎಸ್ಸೆಸ್ಸೆಲ್ಸಿ, ಆದರೆ ಪೊಟ್ಟಣದ ಮೇಲಿನ ಮಾತು, ಸಿನಿಮಾ ಟಾಕೀಸಿನ ಸ್ಲೈಡು, ದಸರಾ ವಸ್ತುಪ್ರದರ್ಶನದ ಮೈಕಿನಲ್ಲಿ ಕೂಗಿಸುವ ಸಾಲು ಎಲ್ಲವನ್ನೂ ನಾನೇ ಬರೆಯುತ್ತಿದ್ದೆ. ಟೀವಿಗೆ ಹೋಗುವಷ್ಟು ನಮ್ಮಲ್ಲಿ ಇರಲಿಲ್ಲ. ನಮಗೆ ಸಿಗುತ್ತಿದ್ದುದು ಗೋಡೆಗಳು. ಒಂದು ದಿನ ಅಂಗಡಿಯಲ್ಲಿ ಕೂತಿದ್ದೆ. ಒಳಗೆ ಅಕ್ಕ ಹಾಲು ಹಾಕುವ ನಿಂಗಮ್ಮನಿಗೆ ಎಂದಿನ ಹಾಗೆ, "ಬಂದೇ ಬರ್ತಾರೆ ಬುಡಿ" ಅಂದದ್ದು ಕೇಳಿಸಿತು. ಆವರೆಗೆ ಸಾವಿರ ಸಲ ಕೇಳಿದ್ದ ಮಾತು. ಅವತ್ತು ಮಾತ್ರ ಅದು ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದ ಹಾಗೆ ಕಂಡಿತು. ಅಣ್ಣನನ್ನು ಕರೆದು ಹೇಳಿದೆ. ಮೊದಲು ಬರೀ ಆ ಎರಡು ಪದ. ಯಾರು ಬರುತ್ತಾರೆ, ಯಾಕೆ ಬರುತ್ತಾರೆ ಏನೂ ಬೇಡ. ಊರು ತಲೆ ಕೆರೆದುಕೊಳ್ಳಲಿ. ದಸರಾ ಹತ್ತಿರ ಬಂದಾಗ ಕೆಳಗೆ ಚಿತ್ರ ಬರೆಸೋಣ. ತಲೆ ತೊಳೆದು ಕೂದಲು ಹರವಿಕೊಂಡು ಬಾಗಿಲಲ್ಲಿ ಕಾಯುವ ಹೆಂಗಸು, ಹೊಸ್ತಿಲ ಮೇಲೆ ಗಂಡನ ಕಾಲು, ಪಕ್ಕದಲ್ಲಿ ನಮ್ಮ ಹಂಡೆ. ಅಣ್ಣ ನನ್ನ ಮುಖ ನೋಡಿದ. "ಅಕ್ಕ?" ಅಂದ. "ಎಲ್ರೂ ಆಡೋ ಮಾತೇ ಅಲ್ವಾ" ಅಂದೆ. "ಸರಿ. ಆದ್ರೆ ಮನೇಲಿ ಒಂದು ನರಪಿಳ್ಳೆಗೂ ಗೊತ್ತಾಗ್ಬಾರ್ದು. ಹೆಂಗಸರ ಬಾಯಿಗೆ ಬಿತ್ತು ಅಂದ್ರೆ ಸಂಜೆಗೆ ಮಂಡಿಗೆಲ್ಲ ಗೊತ್ತಾಯ್ತು ಅಂತ್ಲೇ" ಎಂದ ಅಣ್ಣ.

ಬರೆದವನು ಅನ್ವರ್ ಪೇಂಟರ್. ಸುಣ್ಣ ಬಳಿದ ಗೋಡೆಯ ಮೇಲೆ ಕಡುಗೆಂಪು ಅಕ್ಷರ, ಆನೆಯ ಹಾಗೆ ತುಂಬಿಕೊಂಡ ಅಕ್ಷರ. ಮಂಡಿ ಮೊಹಲ್ಲಾ, ನಜರ್‌ಬಾದು, ಬಸ್‌ಸ್ಟ್ಯಾಂಡಿನ ಸುತ್ತ, ಅಲ್ಲಿಂದ ರಾಮಕೃಷ್ಣನಗರದವರೆಗೂ ಬರೆದ. ಊರು ನಿಜಕ್ಕೂ ತಲೆ ಕೆರೆದುಕೊಂಡಿತು. ಎಲೆಕ್ಷನ್ನಿಗೆ ಯಾರೋ ನಿಲ್ಲುತ್ತಾರೆ ಎಂದರು. ಉತ್ತರದಿಂದ ಸ್ವಾಮೀಜಿ ಬರುತ್ತಾರಂತೆ ಎಂದರು. ಸಿನಿಮಾದ ಹೆಸರು ಎಂದು ಟಾಕೀಸಿನಲ್ಲಿ ಹೋಗಿ ವಿಚಾರಿಸಿದವರೂ ಇದ್ದರು. ಪೊಲೀಸಿನವನೊಬ್ಬ ಅನ್ವರನ ಏಣಿ ಹಿಡಿದು ನಿಲ್ಲಿಸಿ ಕೇಳಿದನಂತೆ. "ನಾನೇ ಕಾಯ್ತಾ ಇದೀನಿ ಸಾಬ್, ಬಂದ್ರೆ ನಂಗೂ ಒಂದ್ ಮಾತು ಹೇಳಿ" ಅಂದನಂತೆ ಅನ್ವರ್. ಅಂಗಡಿಗೆ ಬಂದು ಅದನ್ನು ಅಭಿನಯಿಸಿ ತೋರಿಸಿದ. ನಾನೂ ಅಣ್ಣನೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ನಮ್ಮ ಬೀದಿಯ ಮೂಲೆಯಲ್ಲಿ ಒಂದು ಬೇಳೆ ಗೋಡೌನಿನ ಗೋಡೆ ಇತ್ತು. ಅಲ್ಲಿ ಬರೆದ ಮಾರನೆ ಬೆಳಿಗ್ಗೆ ಅಕ್ಕ ದೇವಸ್ಥಾನದಿಂದ ವಾಪಸು ಬಂದಳು. ನಾನು ತೊಟ್ಟಿಯ ಕಟ್ಟೆಯ ಮೇಲೆ ಕಾಫಿ ಕುಡಿಯುತ್ತಿದ್ದೆ. ಅವಳು ಕುಂಕುಮದ ಪೊಟ್ಟಣ ಹಿಡಿದುಕೊಂಡೇ ನನ್ನ ಪಕ್ಕ ಕೂತಳು.

"ಮಾದೇವ, ಗೋಡೌನ್ ಗೋಡೆ ನೋಡಿದ್ಯೇನೋ?"

"ಯಾಕಕ್ಕ?"

"ನನ್ ಮಾತು ಬರ್ದವ್ರೆ ಕಣೋ."

ಸಿಕ್ಕಿಬಿದ್ದೆ ಎಂದುಕೊಂಡೆ. ಬೈಯುತ್ತಾಳೆ ಎಂದು ಕಾದೆ. ಅವಳು ಬೈಯಲಿಲ್ಲ. ದನಿ ತಗ್ಗಿಸಿ, "ಅಲ್ಲೊಂದೇ ಅಲ್ವಂತೆ, ಊರ್ ತುಂಬಾ ಬರ್ದವ್ರಂತೆ. ಅವ್ರೇ ಯಾರ್ ಕೈಲೋ ಹೇಳಿ ಬರ್ಸವ್ರೆ. ಸೀದಾ ಬರೋಕೆ ಮುಖ ಇಲ್ಲ ನೋಡು, ಅದಕ್ಕೆ ಮೊದ್ಲು ತಿಳಿಸ್ತಾವ್ರೆ" ಅಂದಳು. ಸಾಯುವವರೆಗೂ ಅಕ್ಕ ಭಾವನ ಹೆಸರನ್ನು ಬಾಯಲ್ಲಿ ಹೇಳಿದವಳಲ್ಲ, ಅವರು ಅಂದರೆ ಅವರೇ. "ಯಾರೋ ಏನೋ ಬರ್ಸಿರ್ತಾರೆ ಅಕ್ಕ" ಅಂದೆ. "ನೀನ್ ಸುಮ್ನಿರು. ಆ ಮಾತು ನಮ್ಮಿಬ್ರದ್ದು. ಈ ಬೀದಿ ಬಿಟ್ರೆ ಬೇರೆಯವ್ರಿಗೆ ಹೆಂಗೆ ಗೊತ್ತಾಗ್ತದೆ?" ಎಂದು ನನ್ನ ತಲೆಯ ಮೇಲೆ ಮೆಲ್ಲಗೆ ಮೊಟಕಿ ಒಳಗೆ ಹೋದಳು.

ಆಗಲೇ ಹೇಳಬಹುದಿತ್ತು. ಒಂದು ಕ್ಷಣ ಅವಳು ನೊಂದುಕೊಳ್ಳುತ್ತಿದ್ದಳು, ನಾಲ್ಕು ದಿನ ಮಾತು ಬಿಡುತ್ತಿದ್ದಳು, ಅಷ್ಟೇ ಆಗುತ್ತಿತ್ತು. ಹೇಳಲಿಲ್ಲ. ಗುಟ್ಟು ಒಡೆದರೆ ಜಾಹೀರಾತು ಸತ್ತಹಾಗೆ, ಅಣ್ಣನಿಗೆ ಬೇರೆ ಮಾತು ಕೊಟ್ಟಿದ್ದೇನೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ಪೂರ್ತಿ ನಿಜವಲ್ಲ. ಊರೆಲ್ಲ ನನ್ನ ಎರಡು ಪದಗಳ ಸುತ್ತ ತಿರುಗುತ್ತಿತ್ತು. ಆ ಸಂತೋಷ ನನಗೆ ಅಕ್ಕನಿಗಿಂತ ದೊಡ್ಡದಾಗಿ ಕಂಡಿತ್ತು.

ಆ ದಿನಗಳಲ್ಲಿ ಅಕ್ಕ ಮನೆಯಲ್ಲಿ ಓಡಾಡುತ್ತಿದ್ದ ರೀತಿ ಇವತ್ತಿಗೂ ನನ್ನ ಕಣ್ಣ ಮುಂದಿದೆ. ಟ್ರಂಕು ತೆಗೆದು ಭಾವನ ಅಂಗಿ, ಪಂಚೆ, ಒಂದು ಉಣ್ಣೆಯ ಕೋಟು ಎಲ್ಲವನ್ನೂ ತೊಟ್ಟಿಯ ಹಗ್ಗದ ಮೇಲೆ ಬಿಸಿಲಿಗೆ ಹಾಕಿದಳು. ಸೀಗೆಕಾಯಿಯ ಘಾಟಿನ ಜೊತೆ ನುಸಿಗುಳಿಗೆಯ ವಾಸನೆ ಸೇರಿ ಮನೆಯೆಲ್ಲ ತುಂಬಿಕೊಂಡಿತು. ಅಂಗಿಯ ಸಡಿಲಾದ ಗುಂಡಿಗಳಿಗೆ ದಾರ ಹಾಕಿದಳು. ಅಣ್ಣನ ಹೆಂಡತಿ ನನ್ನನ್ನು ಬದಿಗೆ ಕರೆದು, "ಏನಾಗಿದೆ ಇವ್ರಿಗೆ? ದಿನಾ ಒಂದು ಹಿಡಿ ಅಕ್ಕಿ ಜಾಸ್ತಿ ಹಾಕ್ತಾರೆ" ಎಂದು ಕೇಳಿದಳು. ನನಗೇನು ಗೊತ್ತು ಅಂದೆ. ನಿಂಗಮ್ಮ ಹಾಲು ಅಳೆಯುತ್ತ, "ಏನ್ರವ್ವ, ಮದ್ವಣಗಿತ್ತಿ ಆಗ್ಬುಟ್ರಲ್ಲ" ಎಂದು ಛೇಡಿಸಿದರೆ ಅಕ್ಕ ನಾಚಿಕೊಂಡು, "ಹೋಗಮ್ಮ, ನೀರ್ ಬೆರ್ಸೋದ್ ಕಮ್ಮಿ ಮಾಡು ಮೊದ್ಲು" ಅಂದಳು. ಒಂದು ಸಂಜೆ ಭಾವನ ಹಳೆಯ ಕೈಗಡಿಯಾರವನ್ನು ಕರ್ಚೀಫಿನಲ್ಲಿ ಸುತ್ತಿ ನನ್ನ ಕೈಗಿಟ್ಟಳು. "ನಿಂತೋಗದೆ ಕಣೋ, ರಿಪೇರಿ ಮಾಡ್ಸ್ಕೊಂಡ್ ಬಾ. ಬಂದ ತಕ್ಷಣ ಕೇಳೋದು ಅದನ್ನೇ." ನಾನು ಹೋದೆ. ವಾಚಿನ ಅಂಗಡಿಯಲ್ಲಿ ಕಾದು ಕೂತು, ಹೊಸ ಪಟ್ಟಿ ಹಾಕಿಸಿ, ಕೀ ಕೊಟ್ಟು, ತಂದು ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಕಿವಿಗೆ ಹಿಡಿದುಕೊಂಡು ಕಣ್ಣು ಮುಚ್ಚಿದಳು. ಅವಳು ಹಾಗೆ ನಿಂತದ್ದನ್ನು ನಾನು ನೋಡುತ್ತ ನಿಂತೆ. ಎಲ್ಲ ಗೊತ್ತಿದ್ದೂ ನೋಡುತ್ತ ನಿಂತೆ.

ಚಿತ್ರ ಬರೆಯುವ ಸಮಯ ಬಂತು. ಗೋಡೌನಿನ ಗೋಡೆಯನ್ನು ಕಡೆಯಲ್ಲಿ ಬರಿ ಎಂದು ಅನ್ವರನಿಗೆ ಹೇಳಿದ್ದೆ. ಅಷ್ಟರಲ್ಲಿ ಅಕ್ಕನಿಗೆ ಹೇಗಾದರೂ ಹೇಳಿಬಿಡೋಣ ಎಂಬ ಯೋಚನೆ. ಇವತ್ತು, ನಾಳೆ ಎನ್ನುತ್ತಿದ್ದೆ. ಆದರೆ ಅವಳು ಅಂಗಿಗೆ ಹೊಸ ಗುಂಡಿ ಬೇಕೆಂದು ನಜರ್‌ಬಾದಿನ ಕಡೆ ಹೋಗಿದ್ದಳು. ತನ್ನ ಹಳೆಯ ಬಾಡಿಗೆ ಮನೆಯ ಎದುರು ಗೋಡೆಯಲ್ಲೇ ನೋಡಿದಳು. ಕೂದಲು ಹರವಿಕೊಂಡ ಹೆಂಗಸು, ಹಬೆಯಾಡುವ ಹಂಡೆ, ಹೊಸ್ತಿಲ ಮೇಲೆ ಗಂಡಸಿನ ಕಾಲು. ಮೇಲೆ ಅವಳ ಮಾತು, ಕೆಳಗೆ ನಮ್ಮ ಅಂಗಡಿಯ ವಿಳಾಸ. ಮನೆಗೆ ಬಂದು ಸೀದಾ ಅಂಗಡಿಯೊಳಗೆ ನನ್ನ ಮುಂದೆ ನಿಂತಳು.

"ನೀನೇನೋ?"

"ವ್ಯಾಪಾರಕ್ಕೆ ಅಕ್ಕ. ಎಲ್ರೂ ಆಡೋ ಮಾತಲ್ವಾ ಅದು."

"ಎಲ್ರೂ ಆಡ್ತಾರಾ?" ಎಂದು ಕೇಳಿದಳು. ನಿಜವಾಗಿಯೂ ತಿಳಿದುಕೊಳ್ಳಬೇಕು ಎನ್ನುವವಳ ಹಾಗೆ ಕೇಳಿದಳು. ಆಮೇಲೆ ಇನ್ನೊಂದೇ ಪ್ರಶ್ನೆ. "ವಾಚು ರಿಪೇರಿ ಮಾಡ್ಸ್ಕೊಂಡ್ ಬಂದ್ಯಲ್ಲ, ಆಗ್ಲೂ ಗೊತ್ತಿತ್ತಾ?"

ನಾನು ತಕ್ಕಡಿಯ ಬಟ್ಟಲು ಒರೆಸತೊಡಗಿದೆ. ಅವಳು ತೊಟ್ಟಿಗೆ ಹೋದಳು. ಹಗ್ಗದ ಮೇಲಿದ್ದ ಬಟ್ಟೆಗಳನ್ನು ಒಂದೊಂದಾಗಿ ತೆಗೆದು, ಕೊಡವಿ, ಮಡಚಿದಳು. ಮಡಚುವಾಗ ಧೂಳಿಗೆ ಅವಳಿಗೆ ಸೀನು ಬಂತು. ಆ ಮನೆಯಲ್ಲಿ ಅಕ್ಕ ಸೀನಿದ್ದನ್ನು ನಾನು ಅದೊಂದೇ ಸಲ ಕೇಳಿದ್ದು.

ಸೀಗೆಪುಡಿ ಓಡಿತು. ಅಂಗಡಿಯವರು ಪೊಟ್ಟಣ ಸಾಲದು ಎಂದು ಬಾಗಿಲಿಗೇ ಬಂದು ನಿಂತರು. ಅದಕ್ಕಿಂತ ಹೆಚ್ಚು ಓಡಿದ್ದು ಆ ಮಾತು. ಸಿಟಿ ಬಸ್ಸು ತಡವಾದರೆ ಬಂದೇ ಬರ್ತದೆ. ಕರೆಂಟು ಹೋದರೆ ಬೀದಿಗೆ ಬೀದಿಯೇ ಕೋರಸ್ಸಿನಲ್ಲಿ, ಬಂದೇ ಬರ್ತದೆ. ಜಂಬೂ ಸವಾರಿ ನೋಡಲು ಬೆಳಿಗ್ಗೆಯಿಂದ ಫುಟ್‌ಪಾತಿನಲ್ಲಿ ಜಾಗ ಹಿಡಿದು ಕೂತ ಜನ ಆನೆಯ ಬಗ್ಗೆ ಅದನ್ನೇ ಹೇಳಿ ನಗುತ್ತಿದ್ದರು. ಮೇಷ್ಟ್ರು ತಡವಾಗಿ ಬಂದರೆ ಹುಡುಗರು ಬೆಂಚು ಬಡಿದು ಕೂಗುತ್ತಿದ್ದರು. ಇಡೀ ಊರಿಗೆ ಅದು ತಮಾಷೆ. ನಮ್ಮ ಬೀದಿಗೆ ಮಾತ್ರ ಅದು ಯಾರ ಮಾತು ಎಂದು ಗೊತ್ತಿತ್ತು. "ಏನಕ್ಕ, ಬಂದ್ರಾ?" ಎಂದು ಸೈಕಲ್ಲಿನಲ್ಲಿ ಹೋಗುವ ಹುಡುಗರು ಕೇಳಿದರೆ ಅಕ್ಕ ತಲೆ ಎತ್ತುತ್ತಿರಲಿಲ್ಲ. ಆ ಮಾತನ್ನು ಅವಳು ಆಮೇಲೆ ಯಾವತ್ತೂ ಆಡಲಿಲ್ಲ. ಅಷ್ಟೇ ಅಲ್ಲ, ಮನೆಯಿಂದ ಹೊರಡುವಾಗ ಹೋಗ್ತೀನಿ ಅನ್ನಲು ಶುರು ಮಾಡಿದಳು. ದೇವಸ್ಥಾನಕ್ಕೆ ಹೊರಟರೂ, ತರಕಾರಿಗೆ ಹೊರಟರೂ, ಹೋಗ್ತೀನಿ. ಅಮ್ಮ ಇನ್ನೂ ಇದ್ದಳು. ಹಾಸಿಗೆಯಿಂದಲೇ, "ಬಿಡ್ತು ಅನ್ನೇ, ಬರ್ತೀನಿ ಅನ್ನೇ" ಎಂದು ಉಬ್ಬಸ ಬರುವ ಹಾಗೆ ಕೂಗುತ್ತಿದ್ದಳು. ಅಕ್ಕ ಆಗಲೇ ಮೆಟ್ಟಿಲಿಳಿದಿರುತ್ತಿದ್ದಳು.

ಹೊಸ ಶತಮಾನ ಬಂದ ಮೇಲೆ ಆ ಮನೆ ಉಳಿಯಲಿಲ್ಲ. ಅಮ್ಮ ಹೋದಳು. ಹಂಡೆ ಮಾರ್ಕನ್ನು ಬೆಂಗಳೂರಿನ ಒಂದು ದೊಡ್ಡ ಕಂಪನಿ ಕೊಂಡುಕೊಂಡಿತು. ಅವರಿಗೆ ನಮ್ಮ ಪುಡಿ ಬೇಕಿರಲಿಲ್ಲ, ಹೆಸರು ಮತ್ತು ಆ ಎರಡು ಪದ ಬೇಕಿತ್ತು. ಕಾಗದದಲ್ಲಿ ಆ ಮಾತೂ ನಮ್ಮದೆಂದು ಬರೆದು ನಾನೂ ಅಣ್ಣನೂ ಸಹಿ ಹಾಕಿದೆವು. ತೊಟ್ಟಿ ಮನೆ ಒಡೆದ ಜಾಗದಲ್ಲಿ ಈಗ ಮೂರು ಅಂತಸ್ತಿನ ಕಾಂಪ್ಲೆಕ್ಸಿದೆ, ಕೆಳಗೆ ಮೊಬೈಲ್ ಅಂಗಡಿಗಳು. ನಾವು ರಾಮಕೃಷ್ಣನಗರದಲ್ಲಿ ಅಕ್ಕಪಕ್ಕದ ಬೀದಿಗಳಲ್ಲಿ ಮನೆ ಮಾಡಿದೆವು. ಅಕ್ಕ ಅಣ್ಣನ ಮನೆಯಲ್ಲಿದ್ದಳು. ಅವಳು ನನ್ನ ಜೊತೆ ಮಾತು ಬಿಟ್ಟವಳಲ್ಲ. ನನ್ನ ಮಕ್ಕಳಿಗೆ ತಲೆ ತೊಳೆದಳು, ನನಗೆ ಜ್ವರ ಬಂದಾಗ ಮೆಣಸಿನ ಸಾರು ಮಾಡಿ ತಂದಳು. ಅವಳು ಸಿಟ್ಟಾಗಿದ್ದರೆ ನನಗೆ ಕ್ಷಮೆ ಕೇಳುವುದು ಸುಲಭವಾಗುತ್ತಿತ್ತೇನೋ.

ಒಂದು ವರ್ಷ ವರ್ತಕರ ಸಂಘದವರು ನನಗೆ ಸನ್ಮಾನ ಮಾಡಿದರು. ಪೇಟ ತೊಡಿಸಿ, ಶಾಲು ಹೊದಿಸಿ, ಮೈಸೂರಿನ ಬಾಯಲ್ಲಿ ನಿಂತ ಮಾತನ್ನು ಕೊಟ್ಟವರು ಎಂದು ಹೊಗಳಿದರು. ಅಕ್ಕ ಹೆಂಗಸರ ಸಾಲಿನಲ್ಲಿ ಅಣ್ಣನ ಹೆಂಡತಿಯ ಪಕ್ಕ ಕೂತಿದ್ದಳು. ಆ ಮಾತು ಹೇಗೆ ಹೊಳೆಯಿತು ಹೇಳಿ ಎಂದು ಮೈಕು ಕೊಟ್ಟರು. ನಾನು ಎದ್ದು ನಿಂತೆ. ಅವಳು ನನ್ನನ್ನೇ ನೋಡುತ್ತಿದ್ದಳು. ಇದಕ್ಕಿಂತ ಒಳ್ಳೆಯ ಸಮಯ ಮನುಷ್ಯನಿಗೆ ಸಿಗುವುದಿಲ್ಲ. ನಾನು ಹೇಳಿದ್ದು ಇಷ್ಟು. "ಒಂದ್ ದಿವ್ಸ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯ್ತಾ ನಿಂತಿದ್ದೆ. ಎಷ್ಟ್ ಹೊತ್ತಾದ್ರೂ ಬರ್ಲಿಲ್ಲ. ಆಗ ತಟ್ಟಂತ ಹೊಳೀತು." ಸಭೆ ಚಪ್ಪಾಳೆ ಹೊಡೆಯಿತು.

ವಾಪಸು ಬರುವಾಗ ಆಟೋದಲ್ಲಿ ನಾನು ಮತ್ತು ಅಕ್ಕ. ಮಡಿಲಲ್ಲಿ ಹಣ್ಣಿನ ಬುಟ್ಟಿ. ಬಹಳ ದೂರ ಬಂದ ಮೇಲೆ ಅಕ್ಕ ಹೊರಗೆ ನೋಡುತ್ತಲೇ ಕೇಳಿದಳು. "ಆಮೇಲೆ ಬಸ್ ಬಂತೇನೋ?"

ಆಟೋದವನಿಗೂ ಕೇಳಿಸಿತು. "ಬಂದೇ ಬರ್ತದೆ ಬುಡಿ ಅಮ್ಮ" ಎಂದು ನಕ್ಕ. ಅಕ್ಕನೂ ನಕ್ಕಳು. ಮನೆ ಬಂತು. ಬುಟ್ಟಿ ಹಿಡಿದು ಇಳಿಯಲು ನಾನು ಅವಳಿಗೆ ಕೈ ಕೊಟ್ಟೆ. ಅದರ ಬಗ್ಗೆ ನಮ್ಮಿಬ್ಬರ ನಡುವೆ ಆದ ಕೊನೆಯ ಮಾತು ಅದೇ.

ಕೆಲವು ವರ್ಷಗಳ ಮೇಲೆ, ಒಂದು ಬೇಸಿಗೆಯ ಮಧ್ಯಾಹ್ನ, ಊಟ ಮಾಡಿ ಮಲಗಿದವಳು ಏಳಲಿಲ್ಲ. ಅಲಂಕಾರ ಮಾಡುವ ಹೊತ್ತಿಗೆ ಹೆಂಗಸರು ಕುಂಕುಮದ ಬಟ್ಟಲು ಹಿಡಿದುಕೊಂಡು ತಡೆದು ನಿಂತರು. ಭಾವ ಎಲ್ಲಾದರೂ ಬದುಕಿದ್ದರೆ ಅವಳು ಮುತ್ತೈದೆ. ಇಲ್ಲದಿದ್ದರೆ ಏನು ಮಾಡುವುದು? ಯಾರಿಗೂ ಗೊತ್ತಿರಲಿಲ್ಲ. ಅಣ್ಣ ಅಷ್ಟರಲ್ಲಿ ತೀರಿಕೊಂಡಿದ್ದ, ಹಿರಿಯನೆಂದು ನನ್ನನ್ನು ಕೇಳಿದರು. "ಇಡಿ" ಅಂದೆ. ಅಷ್ಟಕ್ಕೆ ಬಾಯಿ ಬಂತು. ಉಳಿದದ್ದಕ್ಕೆ ಅವಳ ಪಾದ ಮುಟ್ಟುವಾಗಲೂ ಬರಲಿಲ್ಲ.

ಈಗ ಹಂಡೆ ಮಾರ್ಕ್ ಯಾರ ಮನೆಯಲ್ಲೂ ಇಲ್ಲ. ಅನ್ವರನ ಗೋಡೆಗಳ ಮೇಲೆ ಎಷ್ಟೋ ಪದರ ಬಣ್ಣ ಏರಿದೆ. ಆದರೂ ಯಾವುದೋ ಬಸ್‌ಸ್ಟಾಪಿನಲ್ಲಿ, ಯಾವುದೋ ಕ್ಯೂನಲ್ಲಿ, ಆ ಜಾಹೀರಾತು ನೋಡಿಯೇ ಇರದ ಮಕ್ಕಳ ಬಾಯಲ್ಲಿ ಆ ಮಾತು ಕೇಳಿಸುತ್ತದೆ. ನೀವೂ ಎಲ್ಲೋ ಕೇಳಿರಬಹುದು. ಅದನ್ನು ಮಾಡಿದವನು ನಾನು ಎಂದು ಇನ್ನೂ ಕೆಲವರು ಹೇಳುತ್ತಾರೆ. ನಾನು ಮಾಡಿದ್ದು ಕದ್ದು ಗೋಡೆಗೆ ಬರೆಸಿದ್ದಷ್ಟೆ. ಅದು ನಜರ್‌ಬಾದಿನ ಒಂದು ಬಾಡಿಗೆ ಮನೆಯಲ್ಲಿ, ಒಲೆಯ ಮುಂದಿನಿಂದ ಏಳದೆಯೇ, ಒಬ್ಬ ಹೆಂಗಸು ತನ್ನ ಗಂಡನಿಗೆ ಹೇಳುತ್ತಿದ್ದ ಮಾತು. ಅವಳ ಹೆಸರು ಸರ್ವಮಂಗಳ.